ಏಪ್ರಿಲ್‌ನಲ್ಲಿ ಅಮೆರಿಕದ ನೆಬ್ರಾಸ್ಕಾ, ಕ್ಯಾನ್ಸಸ್ ಕಡೆ ಹಕ್ಕಿ ನೋಡಲು ಹೋದವರು ಇದ್ದೀರಾ?

ಪ್ರಶ್ನೆ: ಏಪ್ರಿಲ್ ಮೂರನೇ ವಾರ ಐದು ದಿನ ರಜೆ ಸಿಕ್ಕಿದೆ. ನೆಬ್ರಾಸ್ಕಾದ ಪ್ಲಾಟ್ ನದಿಯಲ್ಲಿ ಸ್ಯಾಂಡ್‌ಹಿಲ್ ಕ್ರೇನ್ (ಉದ್ದ ಕಾಲಿನ ದೊಡ್ಡ ಬೂದು ಹಕ್ಕಿ) ನೋಡಿ, ಹಾಗೇ ಕ್ಯಾನ್ಸಸ್‌ಗೆ ಇಳಿಯೋಣ ಅಂತಿದ್ದೇನೆ. ಸರಿಯಾಗುತ್ತಾ?

ಉತ್ತರ: ಕ್ರೇನ್‌ಗೋಸ್ಕರ ಆದರೆ ಬೇಡ, ತಡವಾಯಿತು. ಅವು ಫೆಬ್ರವರಿಯಿಂದ ಬಂದು ಸೇರುತ್ತವೆ, ಮಾರ್ಚ್ ಕೊನೆಯ ಹೊತ್ತಿಗೆ ಲಕ್ಷಗಟ್ಟಲೆ ಇರುತ್ತವೆ, ರಾತ್ರಿ ನದಿಯ ತೆಳು ನೀರಲ್ಲಿ ನಿಂತು ಹಗಲು ಹೊಲದಲ್ಲಿ ಉದುರಿದ ಮೆಕ್ಕೆಜೋಳ ತಿಂದು ಮೈ ತುಂಬಿಸಿಕೊಳ್ಳುತ್ತವೆ, ಆಮೇಲೆ ಉತ್ತರಕ್ಕೆ. ನೀವು ಹೋಗುವಾಗ ಬಹುತೇಕ ಖಾಲಿ.

ಉತ್ತರ: ಅದಕ್ಕೆ ಬೇಜಾರು ಯಾಕೆ? ಸೀದಾ ಕ್ಯಾನ್ಸಸ್‌ಗೆ ಹೋಗಿ. ಶಯೆನ್ ಬಾಟಮ್ಸ್ ಮತ್ತು ಕ್ವಿವಿರಾ ಅಂತ ಎರಡು ಜೌಗು ಪ್ರದೇಶಗಳಿವೆ, ಎರಡೂ ಗ್ರೇಟ್ ಬೆಂಡ್ ಊರಿನ ಹತ್ತಿರವೇ. ಕ್ವಿವಿರಾದ್ದು ಉಪ್ಪು ಜೌಗು. ದೂರದ ಉತ್ತರಕ್ಕೆ ಹೋಗುವ ಸ್ಯಾಂಡ್‌ಪೈಪರ್‌ಗಳು (ನೀರಂಚಲ್ಲಿ ಓಡಾಡುವ ಸಣ್ಣ ಹಕ್ಕಿಗಳು) ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಅದೃಷ್ಟ ಇದ್ದರೆ ತುಂಬಾ ಅಪರೂಪದ ಬಿಳಿ ವೂಪಿಂಗ್ ಕ್ರೇನ್ ಕೂಡ ಕಾಣಬಹುದು. ಒಂದು ಬೆಳಗ್ಗೆ ಮಾತ್ರ ಪ್ರೇರಿ ಚಿಕನ್‌ಗೆ (ಹುಲ್ಲುಗಾವಲಿನ ಕೋಳಿಯಂಥ ಕಾಡುಹಕ್ಕಿ) ಇಡಿ. ಗಂಡುಗಳು ಕತ್ತಿನ ಕಿತ್ತಳೆ ಚೀಲ ಉಬ್ಬಿಸಿ ಕುಣಿಯುವುದನ್ನು ನೋಡಿ ನಾನು ಚಳಿಯನ್ನೇ ಮರೆತೆ. ಬೆಳಕಾಗುವ ಮೊದಲೇ ಮರೆಯಲ್ಲಿ ಕೂತಿರಬೇಕು, ಅವು ಹೋಗುವ ತನಕ ಏಳಬಾರದು.

ಉತ್ತರ: ಕಾರಿನಿಂದ ಸುಮ್ನೆ ಇಳಿಯಬೇಡಿ, ಹಕ್ಕಿಗಳು ಕಾರಿಗೆ ಅಷ್ಟು ಹೆದರಲ್ಲ, ಮನುಷ್ಯರಿಗೆ ಜಾಸ್ತಿ. ಮಳೆ ಬಂದರೆ ಮಣ್ಣು ರಸ್ತೆಗೆ ಹೋಗಲೇಬೇಡಿ, ನಾನು ಅರ್ಧ ದಿನ ಕೆಸರಲ್ಲೇ ಕಳೆದಿದ್ದೇನೆ. ಗಾಳಿ ಜೋರು, ಟ್ರೈಪಾಡ್ ಗಟ್ಟಿಯಾದ್ದೇ ಇರಲಿ.

ಪ್ರಶ್ನೆ ಕೇಳಿದವರು: ಸರಿ, ಪ್ಲಾಟ್ ಬಿಟ್ಟೆ. ಕ್ವಿವಿರಾಕ್ಕೆ ಎರಡು ದಿನ ಸಾಕು, ಅಲ್ವಾ?