ಡಿಗ್ರಿ ಮುಗಿಸಿ ಲಾರಿ ಓಡಿಸಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಹಿರೇಕೆರೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಬಿ.ಕಾಂ ಮುಗಿದು ಒಂದು ವರ್ಷ ಆಯಿತು. ನಾನು ಬ್ಯಾಂಕ್ ಪರೀಕ್ಷೆ ಪಾಸಾಗಬೇಕು ಅಂತ ಅಪ್ಪನ ಆಸೆ. ಒಂದು ಸಲ ಬರೆದೆ, ಆಗಲಿಲ್ಲ. ಆದರೆ ಅದು ಆಗಲಿಲ್ಲ ಅಂತ ಲಾರಿ ಕಡೆ ಬಂದವನಲ್ಲ ನಾನು. ಚಿಕ್ಕವನಿದ್ದಾಗ ನಮ್ಮ ಹೊಲದ ಗೋವಿನಜೋಳ ತುಂಬಿದ ಲಾರಿಯಲ್ಲಿ ದಾವಣಗೆರೆಯವರೆಗೂ ಡ್ರೈವರ್ ಪಕ್ಕ ಕೂತು ಹೋಗುತ್ತಿದ್ದೆ. ಆ ಎತ್ತರದಿಂದ ರಸ್ತೆ ನೋಡುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಟ್ರ್ಯಾಕ್ಟರ್ ಚೆನ್ನಾಗಿ ಬರುತ್ತದೆ. ಕಾರಿನ ಲೈಸೆನ್ಸ್ ತೆಗೆದುಕೊಂಡು ಎಂಟು ತಿಂಗಳು ಆಯಿತು. ದಾವಣಗೆರೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೇಳಿದರೆ ‘ಮೊದಲು ಒಂದು ವರ್ಷ ಕ್ಲೀನರ್ ಆಗಿ ಹೋಗು’ ಅಂದರು. ಗೆಳೆಯ ಹೇಳುವುದೇ ಬೇರೆ. ದುಡ್ಡು ಕಟ್ಟಿ ಹೆವಿ ಲೈಸೆನ್ಸ್ ಮಾಡಿಸು, ಸೀದಾ ಜಾಸ್ತಿ ಸಂಬಳ ಕೊಡುವ ಕಡೆ ಡ್ರೈವರ್ ಆಗಿಯೇ ಸೇರು ಅಂತಾನೆ. ಯಾವುದು ಸರಿ? ಓದಿದ್ದು ದಂಡ ಆಗುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಡ್ರೈವಿಂಗ್ ಸ್ಕೂಲ್ ಮೇಷ್ಟ್ರು:

ಲೈಸೆನ್ಸ್ ವಿಷಯ ಮಾತ್ರ ಹೇಳುತ್ತೇನೆ. ಲಾರಿ ಓಡಿಸಲು 20 ವರ್ಷ ತುಂಬಿರಬೇಕು, ನಿಮಗೆ ತುಂಬಿದೆ. ಆದರೆ ಕಾರಿನ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗದೆ ಟ್ರಾನ್ಸ್‌ಪೋರ್ಟ್ ಎಲ್‌ಎಲ್‌ಆರ್, ಅಂದರೆ ಲಾರಿ ಕಲಿಯುವ ಲೈಸೆನ್ಸ್, ಕೊಡುವುದಿಲ್ಲ. ಇನ್ನೂ ನಾಲ್ಕು ತಿಂಗಳು ಕಾಯಬೇಕು. ಆಮೇಲೆ ಫಾರ್ಮ್ 1ಎ ಮೇಲೆ ಡಾಕ್ಟರ್ ಸಹಿ, ಲೈಸೆನ್ಸ್ ಇರುವ ಡ್ರೈವಿಂಗ್ ಸ್ಕೂಲಿನಿಂದ ಫಾರ್ಮ್ 5 (ತರಬೇತಿ ಮುಗಿಸಿದ ಪತ್ರ), ಆಮೇಲೆ ಟೆಸ್ಟ್. ಲೈಸೆನ್ಸ್ 5 ವರ್ಷ ನಡೆಯುತ್ತದೆ. ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸಬೇಕಾದರೆ ಅದಕ್ಕೆ ಬೇರೆ ತರಬೇತಿ ಆಗಬೇಕು.

ಈ ನಾಲ್ಕು ತಿಂಗಳು ಸುಮ್ನೆ ಕೂರಬೇಡಿ. ಗಾಡಿ, ಲೋಡ್ ಎರಡೂ ಸೇರಿ ಒಟ್ಟು ತೂಕ 7,500 ಕೆಜಿಗಿಂತ ಕಡಿಮೆ ಇರುವ ಸರಕು ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರದ್ದಾದರೂ ಪಿಕಪ್ ಹಿಡಿದು ಸಂತೆಗೆ ತರಕಾರಿ ಸಾಗಿಸಿ. ರಿವರ್ಸ್ ಹಾಕುವುದು, ಕನ್ನಡಿ ನೋಡುವುದು ಅಲ್ಲೇ ರೂಢಿಯಾಗುತ್ತದೆ. ಇನ್ನೊಂದು ಮಾತು. ಸ್ಕೂಲಿನಲ್ಲಿ ನಾವು ಕಲಿಸುವುದು ಖಾಲಿ ಗಾಡಿಯಲ್ಲಿ. ಲೋಡ್ ಗಾಡಿ ಬೇರೆಯೇ.

ಶಿರಾಡಿ ದಾರಿ:

ತಮ್ಮಾ, ಮೇಷ್ಟ್ರ ಕೊನೆಯ ಮಾತನ್ನು ಇನ್ನೊಂದು ಸಲ ಓದು. ನನ್ನ ಕಥೆಯೂ ಅಲ್ಲೇ ಶುರುವಾಗುತ್ತದೆ.

ನಾನು ಅರಸೀಕೆರೆ ಕಡೆಯವನು. ಬಿ.ಎ ಮುಗಿಸಿ 2014ರಲ್ಲಿ ಹತ್ತು ಚಕ್ರದ ಲಾರಿಗೆ ಕ್ಲೀನರ್ ಆಗಿ ಹತ್ತಿದೆ. ತಿಂಗಳಿಗೆ 6 ಸಾವಿರ, ಮೇಲೆ ದಿನದ ಬತ್ತಾ. ಈಗ ಹೆಚ್ಚಾಗಿ ಮಂಗಳೂರು ಲೈನಿನಲ್ಲಿ ಓಡಿಸುತ್ತೇನೆ. ಪಣಂಬೂರಿನಿಂದ ಗೊಬ್ಬರ ಮೇಲಕ್ಕೆ, ಇಲ್ಲಿಂದ ಜೋಳ, ಅಕ್ಕಿ, ಏನು ಸಿಗುತ್ತದೋ ಅದು ಕೆಳಕ್ಕೆ.

ನಿನಗೆ ಹೇಳಬೇಕಾದದ್ದು ಒಂದೇ. ಲಾರಿ ನೋಡಿ ಸೇರಬೇಡ, ಸಂಬಳ ನೋಡಿಯೂ ಸೇರಬೇಡ. ಯಾರ ಪಕ್ಕ ಕೂರುತ್ತೀಯ ಅಂತ ನೋಡಿ ಸೇರು.

ನನಗೆ ಸಿಕ್ಕಿದ ಗುರುಗಳಿಗೆ ಆಗಲೇ ಐವತ್ತು ದಾಟಿತ್ತು. ಆರು ತಿಂಗಳು ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬ್ರೇಕಿನ ಏರ್ ಟ್ಯಾಂಕಿನಲ್ಲಿ ಕೂತ ನೀರು ಬಿಡಬೇಕು. ರಾಡ್ ಹಿಡಿದು ಒಂದೊಂದು ಟೈರಿಗೂ ಬಡಿದು ಸದ್ದು ಕೇಳಬೇಕು. ಗಾಳಿ ಸರಿಯಿದ್ದರೆ ಒಂದು ಸದ್ದು, ಇಳಿದಿದ್ದರೆ ಇನ್ನೊಂದು. ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತ ಬಗ್ಗಿ ನೋಡಬೇಕು. ಟಾರ್ಪಾಲ್ ಕಟ್ಟುವುದನ್ನೇ ಎರಡು ತಿಂಗಳು ಕಲಿಸಿದರು. ನಾನು ಕಟ್ಟಿದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಒಳಗೊಳಗೇ ಸಿಟ್ಟು ಬರುತ್ತಿತ್ತು. ಆ ಮಳೆಗಾಲದಲ್ಲಿ ಸಕಲೇಶಪುರದಿಂದ ಗುಂಡ್ಯವರೆಗೂ ಬಿಡದೆ ಮಳೆ ಸುರಿಯಿತು. ಕೆಳಗೆ ಹೋಗಿ ಬಿಚ್ಚಿ ನೋಡಿದರೆ ಒಂದು ಚೀಲವೂ ನೆನೆದಿರಲಿಲ್ಲ. ಸಿಟ್ಟು ಅಲ್ಲಿಗೇ ಹೋಯಿತು.

ಲೈಸೆನ್ಸ್ ಬಂದ ಮೇಲೆ ಸಪಾಟು ರಸ್ತೆಯಲ್ಲಿ ಓಡಿಸಲು ಕೊಟ್ಟರು. ಮೊದಲು ನೆಲಮಂಗಲದಿಂದ ಹಾಸನ, ಆಮೇಲೆ ಸಕಲೇಶಪುರ. ಶಿರಾಡಿ ಘಾಟಿ ಕೊಟ್ಟದ್ದು ಎಲ್ಲದಕ್ಕಿಂತ ಕೊನೆಗೆ. ಅವತ್ತು 18 ಟನ್ ಜೋಳ ಇತ್ತು. ಮಾರನಹಳ್ಳಿ ದಾಟಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕಿತ್ತು. ನಾನು ಇಳಿಸಲಿಲ್ಲ. ಗಾಡಿ ತಳ್ಳಿಕೊಂಡು ಹೋಗಲು ಶುರುವಾದ ಮೇಲೆ ಗೇರ್ ಬೀಳುವುದಿಲ್ಲ. ಬ್ರೇಕ್ ಮೇಲೆ ಬ್ರೇಕ್ ಒತ್ತಿದೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಂತು. ಪೆಡಲ್ ಒತ್ತಿದರೂ ಗಾಡಿ ಮೊದಲಿನ ಹಾಗೆ ಹಿಡಿಯುತ್ತಿಲ್ಲ. ನನ್ನ ಕಾಲು ನಡುಗುತ್ತಿತ್ತು. ಗುರುಗಳು ಕೂಗಲಿಲ್ಲ. ‘ಎಕ್ಸಾಸ್ಟ್ ಬ್ರೇಕ್ ಹಾಕು, ಮುಂದೆ ಎಡಕ್ಕೆ ಅಗಲ ಇದೆ, ಗುಡ್ಡದ ಕಡೆ ತೆಗೆದುಕೊ’ ಅಂದರು, ಅಷ್ಟೇ. ನಿಂತಿತು. ನಾನು ಇಳಿದು ಚಕ್ರಕ್ಕೆ ಮರದ ತುಂಡು ಕೊಟ್ಟೆ. ನೀರು ತಂದು ಬ್ರೇಕ್ ಡ್ರಮ್ಮಿಗೆ ಹಾಕಲು ಹೋದರೆ ಕೈ ಹಿಡಿದು ನಿಲ್ಲಿಸಿದರು. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಒಂದು ಗಂಟೆಗೂ ಜಾಸ್ತಿ ಹೊತ್ತು ಕಾದೆವು. ‘ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್’ ಅಂತ ಒಂದೇ ಮಾತು ಹೇಳಿ, ಮಿಕ್ಕ ಘಾಟಿಯನ್ನೂ ನನ್ನ ಕೈಯಲ್ಲೇ ಇಳಿಸಿದರು. ಅವರೇ ಸ್ಟೇರಿಂಗ್ ತೆಗೆದುಕೊಂಡಿದ್ದರೆ ನಾನು ಮತ್ತೆ ಘಾಟಿಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಈಗ ಯೋಚನೆ ಮಾಡು. ನಿನ್ನ ಗೆಳೆಯ ಹೇಳಿದ ಹಾಗೆ ಸೀದಾ ಡ್ರೈವರ್ ಆಗಿ ಹೋದರೆ, ಅವತ್ತು ಪಕ್ಕದ ಸೀಟಿನಲ್ಲಿ ಯಾರಿರುತ್ತಾರೆ?

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು, ಎಂಜಿನ್ನೇ ಆಫ್ ಮಾಡುವವರು ಇದ್ದಾರೆ. ಅಂಥವರ ಪಕ್ಕ ಕೂತರೆ ಮುಂದಿನ ಊರಲ್ಲೇ ಇಳಿದುಬಿಡು. ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಬ್ರೇಕ್ ಒತ್ತಿದಷ್ಟೂ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ, ತುಂಬುವುದಿಲ್ಲ. ಸ್ಟೇರಿಂಗ್ ಕಲ್ಲಾಗುತ್ತದೆ. ಪುಣೆಯಲ್ಲಿ ಕಾತ್ರಜ್ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವ ಜಾಗದಲ್ಲಿ ಹೀಗೆ ಆದ ಅಪಘಾತಗಳು ಒಂದೆರಡಲ್ಲ. ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ನನ್ನ ಎದೆ ಭಾರವಾಗುತ್ತದೆ.

ಓದಿದ್ದು ದಂಡವಾ ಅಂತ ಕೇಳಿದೆ. ಖಂಡಿತ ಇಲ್ಲ. ಒಂದು ಸಲ ಹಿರಿಯೂರಿನ ಹತ್ತಿರ ಗಾಡಿ ಕೆಟ್ಟು ಒಂದೂವರೆ ದಿನ ನಿಂತೆವು. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ. ರಾತ್ರಿ ಕಾಗದ ತೆಗೆದು ನೋಡಿದರೆ ಹನ್ನೆರಡಕ್ಕೆ ಮುಗಿಯುತ್ತದೆ. ಮುಗಿಯುವ ಮೊದಲ 8 ಗಂಟೆ, ಮುಗಿದ ಮೇಲಿನ 8 ಗಂಟೆ, ಅಷ್ಟರೊಳಗೆ ಅದನ್ನು ವಿಸ್ತರಿಸಬಹುದು ಅಂತ ನಾನು ಓದಿಕೊಂಡಿದ್ದೆ. ಟ್ರಾನ್ಸ್‌ಪೋರ್ಟ್ ಆಫೀಸಿನವರನ್ನು ಎಬ್ಬಿಸಿ ಮಾಡಿಸಿದೆ. ಮಾರನೇ ದಿನ ಚೆಕಿಂಗಿನಲ್ಲಿ ನಿಲ್ಲಿಸಿದರು, ನೋಡಿ ಬಿಟ್ಟರು. ನೀನು ಬಿ.ಕಾಂ ಓದಿದವನು, ಇದೆಲ್ಲ ನನಗಿಂತ ಬೇಗ ಹಿಡಿಯುತ್ತೀಯ. ಟ್ರಿಪ್ಪಿನ ಲೆಕ್ಕ ದಿನಾ ಬರೆದಿಡು. ಡೀಸೆಲ್ ಎಷ್ಟು ಲೀಟರ್, ಎಷ್ಟು ಕಿಲೋಮೀಟರ್, ಟೋಲ್, ಹಮಾಲಿ, ಪಂಕ್ಚರ್, ಎಲ್ಲ. ಲೆಕ್ಕ ಸರಿ ಕೊಡುವ ಡ್ರೈವರನ್ನು ಓನರ್ ಸುಲಭಕ್ಕೆ ಬಿಡುವುದಿಲ್ಲ.

ತೂಕದ ಚೀಟಿಯನ್ನೂ ನೀನೇ ಕಣ್ಣಾರೆ ನೋಡು. ಹತ್ತು ಚಕ್ರದ ಗಾಡಿಗೆ ಲೋಡ್ ಸೇರಿ 28.5 ಟನ್. ಮೀರಿದರೆ 20,000 ರೂಪಾಯಿ ದಂಡ, ಜಾಸ್ತಿ ಇರುವ ಒಂದೊಂದು ಟನ್ನಿಗೆ ಮತ್ತೆ 2,000. ದಂಡಕ್ಕಿಂತ ದೊಡ್ಡದು ಬ್ರೇಕ್. ‘ಎರಡು ಟನ್ ತಾನೇ, ಹಾಕಿಕೊಂಡು ಹೋಗು’ ಅನ್ನುವವರು ಘಾಟಿಗೆ ನಿನ್ನ ಜೊತೆ ಬರುವುದಿಲ್ಲ.

ದುರ್ಗದ ಮಗಳು:

ನಾನು ಲಾರಿ ಓಡಿಸಿದವಳಲ್ಲ, ಲಾರಿ ಡ್ರೈವರ್ ಮಗಳು. ಮನೆಯವರ ಕಡೆಯಿಂದಲೂ ಒಂದೆರಡು ಮಾತು ಕೇಳಿ.

ಅಪ್ಪ ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲಿ ಇರುತ್ತಿದ್ದರು. ರಾತ್ರಿ ಊಟಕ್ಕೆ ನಿಲ್ಲಿಸಿದ ಕಡೆಯಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದರು. ‘ಶಿರಾದಲ್ಲಿದ್ದೇನೆ’, ‘ನಿಪ್ಪಾಣಿ ದಾಟಿದೆ’, ಇಷ್ಟೇ ಮಾತು. ಅದು ಬಂದ ಮೇಲೆ ಅಮ್ಮ ಮಲಗುತ್ತಿದ್ದರು. ಈ ಒಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ದಾರಿಯಲ್ಲಿ ಎಲ್ಲಿ ನಿಲ್ಲಿಸುವುದು ಅಂತ ಅಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕಿಡ್ನಿಯಲ್ಲಿ ಕಲ್ಲಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಊಟ, ಆಮೇಲೆ ಸಕ್ಕರೆ ಕಾಯಿಲೆಯೂ ಬಂತು. ಎಲ್ಲ ಕಡೆ ಹೊಂದಿಸಿಕೊಂಡ ಮನುಷ್ಯ ತನ್ನ ಮೈಯನ್ನು ಮಾತ್ರ ನೋಡಿಕೊಳ್ಳಲಿಲ್ಲ. ನನಗೆ ಈಗಲೂ ಅದೇ ಸಂಕಟ. ಸಂಬಳ ಬ್ಯಾಂಕಿಗೇ ಹಾಕಲಿ ಅಂತ ಕೇಳಿ. ಅಪಘಾತ ವಿಮೆ ಇದೆಯಾ ಅಂತ ಸೇರುವ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ.

ಹಿರೇಕೆರೂರು ಹುಡುಗ:

ಮೇಷ್ಟ್ರೇ, ಅಣ್ಣಾ, ಅಕ್ಕಾ, ಮೂವರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ಬೇಡ ಅಂತಲೂ ಅನ್ನಲಿಲ್ಲ. ನಾಲ್ಕು ತಿಂಗಳು ಮಾವನ ಪಿಕಪ್ ಓಡಿಸುತ್ತೇನೆ. ಅಣ್ಣಾ, ಒಳ್ಳೆಯ ಗುರು ಅಂತ ಗೊತ್ತಾಗುವುದು ಹೇಗೆ? ಮತ್ತೆ ರಾತ್ರಿ ನಿದ್ದೆ ಬಂದರೆ ಏನು ಮಾಡುತ್ತೀರಿ?

ಶಿರಾಡಿ ದಾರಿ:

ಗಾಡಿ ಹೊರಡುವ ಮೊದಲು ಅರ್ಧ ಗಂಟೆ ದೂರದಲ್ಲಿ ನಿಂತು ನೋಡು. ಬಂದವನು ಸೀದಾ ಹತ್ತಿ ಸ್ಟಾರ್ಟ್ ಮಾಡುತ್ತಾನಾ, ಗಾಡಿಗೆ ಒಂದು ಸುತ್ತು ಹಾಕುತ್ತಾನಾ? ಕ್ಲೀನರ್ ಹುಡುಗನನ್ನು ಹೇಗೆ ಕರೆಯುತ್ತಾನೆ, ಊಟಕ್ಕೆ ತನ್ನ ಪಕ್ಕ ಕೂರಿಸಿಕೊಳ್ಳುತ್ತಾನಾ? ಹುಡುಗ ಸ್ಪ್ಯಾನರ್ ತಪ್ಪು ತಂದರೆ ಬಯ್ಯುತ್ತಾನಾ, ತೋರಿಸಿ ಕೊಡುತ್ತಾನಾ? ಇಷ್ಟು ನೋಡಿದರೆ ಸಾಕು.

ನಿದ್ದೆಗೆ ಔಷಧಿ ನಿದ್ದೆ ಒಂದೇ. ಚಹಾ, ಗುಟ್ಕಾ, ಜೋರು ಹಾಡು ಯಾವುದೂ ಅಲ್ಲ. ದೂರದ ಲೈನಿನಲ್ಲಿ ದಿನಕ್ಕೆ 10 ಗಂಟೆ ಮೀರಬಾರದು ಅಂತ 2025ರವರೆಗೆ ಜಾರಿಯಲ್ಲಿದ್ದ 1961ರ ಕಾನೂನೇ ಹೇಳುತ್ತಿತ್ತು, ಆದರೆ ಅದನ್ನು ಯಾರೂ ನೆನಪಿಸುತ್ತಿರಲಿಲ್ಲ. ರಾತ್ರಿ ಎರಡರಿಂದ ಐದು ನಾನು ಓಡಿಸುವುದಿಲ್ಲ. ಬಂಕ್ ಸಿಕ್ಕ ಕಡೆ ಹಾಕಿ ಮಲಗುತ್ತೇನೆ. ಇದನ್ನು ಓನರಿಗೆ ಸೇರುವಾಗಲೇ ಹೇಳಿದ್ದೆ. ಒಬ್ಬರು ಒಪ್ಪಲಿಲ್ಲ, ಅವರಲ್ಲಿ ಸೇರಲಿಲ್ಲ. ಇನ್ನೊಬ್ಬರು ಒಪ್ಪಿದರು, ಇವತ್ತಿಗೂ ಅವರ ಗಾಡಿಯಲ್ಲೇ ಇದ್ದೇನೆ.

ಲೈಸೆನ್ಸ್ ಬರುವವರೆಗೂ ಕಾಯಬೇಕಿಲ್ಲ, ಒಂದು ಟ್ರಿಪ್ ಪಕ್ಕದಲ್ಲಿ ಕೂತು ನೋಡುವ ಮನಸ್ಸಿದ್ದರೆ ಹಾಸನಕ್ಕೆ ಬಾ. ಮಂಗಳೂರಿಗೆ ಹೋಗಿ ಲೋಡ್ ಮಾಡಿಕೊಂಡು ಬರಲು ಮೂರು ದಿನ ಆಗುತ್ತದೆ. ಅಪ್ಪನಿಗೆ ಹೇಳಿಯೇ ಬಾ. ಹೊದಿಯಲು ಒಂದು ದಪ್ಪ ಬೆಡ್‌ಶೀಟ್ ತಾ, ಸಕಲೇಶಪುರದಲ್ಲಿ ರಾತ್ರಿ ಚಳಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ. ಟಾರ್ಪಾಲ್ ಕಟ್ಟಲು ಮೇಲೆ ಹತ್ತಬೇಕಾಗುತ್ತದೆ.