ಟ್ರಂಕಿನಾಗ ಸಿಕ್ಕ ಆಯಿ ಫೋಟೋ

ಗುಂಪು: ನಮ್ಮ ಮನಿ ಮಂದಿ

ನಾನು: (ಫೋಟೋ) ಹಳೇ ಟ್ರಂಕಿನಾಗ ಸಿಕ್ತು. ಆಯಿ, ಕಂಪನಿ ನಾಟಕದಾಗ ದ್ರೌಪದಿ ಪಾರ್ಟು ಮಾಡಿದಾಗಿಂದು! ಹಿಂದ ಬರದೈತಿ: ಬನಶಂಕರಿ ಜಾತ್ರಿ, 1968.

ಸಣ್ಣಕಾಕಾ: ಡಿಲೀಟ್ ಮಾಡು. ಮುಂದಿನ ವಾರ ಬೀಗರು ಬರೂರದಾರ.

ನಾನು: ಆಯಿ ದುಡಿದು ಕಟ್ಟಿಸಿದ ಮನಿಯಾಗನ ಅವರನ್ನ ಕೂಡ್ಸೂರು ಅಲ್ಲೇನ್ ಕಾಕಾ?

ಸಣ್ಣಕಾಕಾ: ನಿನಗ ಗೊತ್ತಿಲ್ಲ. ಹಾಸ್ಟೆಲಿನಾಗ ನನ್ನ ಹೆಸರು ಹಿಡದು ಯಾರೂ ಕರೀತಿರಲಿಲ್ಲ. "ನಾಟಕದಾಕಿ ಮಗ" ಅಂತಿದ್ರು. ಆ ಮಾತು ನನ್ನ ಮಗಳ ಬೆನ್ನ ಹತ್ತಬಾರದು.

ಪುಣೆ ಅಣ್ಣ: ಕಾಕಾ ಹೇಳೂದು ಖರೆ ಐತಿ. ಈಗಿನ ಜಾತ್ರಿ ನಾಟಕದಾಗ ಡಬಲ್ ಮೀನಿಂಗ್ ಭಾಳ. ಅದನ್ನ ನೋಡಿದ ಮಂದಿ ಆಯಿನ್ನೂ ಹಂಗ ತಿಳೀತಾರ.

ನಾನು: ಗುಬ್ಬಿ ನಾಟಕ ಕಂಪನಿ ಶುರು ಆಗಿದ್ದು 1884ರಾಗ. ರಾಜಕುಮಾರ ಅಲ್ಲೇ ಪಳಗಿದವರು, ಅವರ ತಂದಿ ಪುಟ್ಟಸ್ವಾಮಯ್ಯನವರೂ ಅದ ಕಂಪನಿ ನಟರು. ಅದನ್ನ ಎಲ್ಲಾರೂ ಹೆಮ್ಮಿಯಿಂದ ಹೇಳ್ತಾರ. ನಮ್ಮ ಕಡೆ ನಾಟಕದ ದೊಡ್ಡ ನಟರು ಏಣಗಿ ಬಾಳಪ್ಪನವರು ಹರೇದಾಗ ಸೀರಿ ಉಟ್ಟು ಹೆಣ್ಣಿನ ಪಾರ್ಟು ಮಾಡಿದ್ರು, ನಾಡ ತುಂಬ ಸನ್ಮಾನ ಆತು. ಅಂಥದ ಪಾರ್ಟು ಹೆಣ್ಮಗಳು ಮಾಡಿದ್ರ ಮುಚ್ಚಿಡಬೇಕೇನು?

ಪುಣೆ ಅಣ್ಣ: ಅವರು ದೊಡ್ಡವರು. ನಮ್ಮದು ಸಣ್ಣ ಕಂಪನಿ.

ದೊಡ್ಡತ್ತಿ: ತಡೀರಿ, ನಾನು ಬರೀತೀನಿ.

ದೊಡ್ಡತ್ತಿ: ತಮ್ಮಾ, ಆ ಜಾತ್ರಿಗೆ ನೀನು ಎರಡು ವರ್ಷದಾಂವ. ನನಗ ಒಂಬತ್ತು. ಬನದ ಹುಣ್ಣಿವಿಗೆ ತಗಡಿನ ಥೇಟರ ಹಾಕಿದ್ರು. ರಾತ್ರಿ ಎರಡೆರಡು ಆಟ. ನಾವಿಬ್ಬರೂ ಪರದೆ ಹಿಂದ ಡ್ರೆಸ್ ಪೆಟ್ಟಿಗಿ ಮ್ಯಾಲ ಮಲಗತಿದ್ವಿ. ಸೀನು ಮುಗಿಸಿ ಬಂದು ಅವ್ವ ನಿನಗ ಹಾಲು ಕುಡಸ್ತಿದ್ಳು. ಜರಿ ಸೀರಿ ಮಾಲೀಕರದು, ಕಲಿ ಬೀಳಬಾರದಂತ ಎದಿ ಮ್ಯಾಲ ಹಳೇ ಟಾವೆಲ್ ಹಾಕ್ಕೊಂತಿದ್ಳು. ಹಾರ್ಮೋನಿಯಂ ಮಾಸ್ತರು ಆಕಿ ಹಾಡಿನ ಸುರ ಹಿಡದ್ರ ಸಾಕು, ನಿನ್ನ ನನ್ನ ತೊಡಿ ಮ್ಯಾಲ ಹಾಕಿ ಓಡತಿದ್ಳು. ನೀ ಅಳತಿದ್ದಿ, ಆಕಿ ಅಲ್ಲಿ ಹಾಡತಿದ್ಳು.

ದೊಡ್ಡತ್ತಿ: ಬೆಳಗಿನ್ಯಾಗ ಕೊಬ್ಬರಿ ಎಣ್ಣಿ ಹಚ್ಚಿ ಬಣ್ಣ ತಗೀತಿದ್ಳು. ಕಿವಿ ಹಿಂದ ಒಂಚೂರು ಉಳೀತಿತ್ತು, ಅದನ್ನ ನಾನು ಒರಸ್ತಿದ್ದೆ. ಮಳಿ ಬಂತಂದ್ರ ಕಲೆಕ್ಷನ್ ಇಲ್ಲ, ಅರ್ಧ ಪಗಾರ. ಹೊಸ ಊರಿಗೆ ಕ್ಯಾಂಪ್ ಹೋದ್ರ ನಾಟಕದವರಂತ ಬಾಡಿಗಿ ಮನಿ ಕೊಡತಿರಲಿಲ್ಲ. ಊರು ಬದಲಾದಂಗ ಸಾಲಿ ಬದಲಾಗಿ ನಾನು ನಾಲ್ಕನೇತ್ತಾಕ್ಕ ಬಿಟ್ಟೆ. ನಿನಗ ಹಂಗ ಆಗಬಾರದಂತ ಹಾಸ್ಟೆಲಿಗೆ ಹಾಕಿದ್ಳು. ನಿನ್ನ ಮನಿಆರ್ಡರ್ ಒಂದ ತಿಂಗಳೂ ತಪ್ಪಲಿಲ್ಲ.

ಪುಣೆ ಅಣ್ಣ: ಅತ್ತಿ, ಇದನ್ನ ಯಾವತ್ತೂ ಹೇಳಿದ್ದಿಲ್ಲ ನೀವು.

ದೊಡ್ಡತ್ತಿ: ಯಾರು ಕೇಳಿದ್ರು?

ನಾನು: ಕಾಕಾ, ಓದಿದ್ರೇನು?

ಸಣ್ಣಕಾಕಾ: ಓದಿದೆ.

ಸಣ್ಣಕಾಕಾ: ಫೋಟೋ ಇರಲಿ. ಆದ್ರ ಬೀಗರಿಗೆ ಯಾರೂ ಕಳಸಬ್ಯಾಡ್ರಿ. ನಾನ ಹೇಳ್ತೀನಿ.

ದೊಡ್ಡತ್ತಿ: ಯಾವಾಗ?

ಸಣ್ಣಕಾಕಾ: ಅವರು ಬಂದ ದಿನ. ನೀನೂ ಬಾ, ಅಕ್ಕಾ.