ಸಹಾಯ ಬೇಕು: ಮಲ್ಪೆಯಲ್ಲಿ ಸಿಕ್ಕ ಲ್ಯಾಬ್ರಡಾರ್‌ನ ಮಾಲೀಕತ್ವದ ಪ್ರಶ್ನೆ

ನಮಸ್ಕಾರ. ಉಡುಪಿ ಸುತ್ತಮುತ್ತಲಿನ ಲ್ಯಾಬ್ರಡಾರ್ ಸಾಕುವವರ ನಮ್ಮ ಪುಟ್ಟ ಕ್ಲಬ್ಬಿಗೆ ಮಲ್ಪೆ ಬಂದರಿನ ಬಳಿ ಒಂದು ಹೆಣ್ಣು ನಾಯಿ ಸಿಕ್ಕಿದ್ದು, ನೋಡಿದರೆ ಪದೇಪದೇ ಮರಿ ಹಾಕಿಸಿ ಕೊನೆಗೆ ಬಿಟ್ಟುಹೋದಂತೆ ಕಾಣುತ್ತದೆ (ಜೀವಮಾನಕ್ಕೆ ಐದೇ ಸೂಲು ಎಂಬ 2017ರ ಕೇಂದ್ರ ನಿಯಮವನ್ನು ಪಾಲಿಸುವವರು ಎಷ್ಟು ಮಂದಿಯೋ!). ಪಶುವೈದ್ಯರು ಸ್ಕ್ಯಾನ್ ಮಾಡಿದಾಗ ಚರ್ಮದಡಿ ಅಳವಡಿಸಿದ್ದ ಗುರುತಿನ ಮೈಕ್ರೋಚಿಪ್‌ನ 15 ಅಂಕಿಗಳ ಸಂಖ್ಯೆ ದೊರೆಯಿತಾದರೂ, ಚಿಪ್‌ನಲ್ಲಿ ಮಾಲೀಕರ ಹೆಸರಾಗಲಿ ವಿಳಾಸವಾಗಲಿ ಇರುವುದಿಲ್ಲ. ಆ ಸಂಖ್ಯೆಯ ಜಾಡು ಹಿಡಿದು, ಮರಿ ಮಾಡಿಸಿ ಮಾರುವ ಬ್ರೀಡರ್‌ ಒಬ್ಬರನ್ನು ತಲುಪಿದೆವು. ಮರಿಯಿದ್ದಾಗಲೇ ಮಾರಿದ್ದಾಗಿ ಹೇಳಿ ಅವರು ಕೈತೊಳೆದುಕೊಂಡರು. ಪೊಲೀಸ್ ಠಾಣೆಗೂ ತಿಳಿಸಿದ್ದೇವೆ, ವಾಟ್ಸಾಪ್ ಗುಂಪುಗಳಲ್ಲಿ ಚಿತ್ರವನ್ನೂ ಹಾಕಿದ್ದೇವೆ, ಯಾರೂ ಬಂದಿಲ್ಲ. ಕುಂದಾಪುರದ ಕುಟುಂಬವೊಂದು ಸಾಕಲು ಸಿದ್ಧವಿದೆ. ಆದರೆ ಸಂತಾನಹರಣ ಚಿಕಿತ್ಸೆ ಮಾಡಿಸದೆ ನಾವು ಯಾವ ನಾಯಿಯನ್ನೂ ಕೊಡುವುದಿಲ್ಲ. ಚಿಪ್ಪಿನ ಸಂಖ್ಯೆ ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿರುವಾಗ, ಚಿಕಿತ್ಸೆ ಮಾಡಿಸಿ ದತ್ತು ಕೊಡುವ ಮೊದಲು ಯಾವ ಲಿಖಿತ ದಾಖಲೆಯನ್ನು ಯಾರಿಂದ ಪಡೆಯಬೇಕು ಎಂದು ಅನುಭವವಿರುವವರು ದಯವಿಟ್ಟು ತಿಳಿಸುವಿರಾ?